ಬಿಸಿಯಾದ ಮೇಲೆ ಸ್ಪಾರ್ಕ್ ಹೋಗುತ್ತದೆ: ಹಳೇ 25 ಎಚ್‌ಪಿ ಜಾನ್ಸನ್ ಔಟ್‌ಬೋರ್ಡ್, ಶರಾವತಿ ಹಿನ್ನೀರು

ತುಮರಿ ಕಡೆಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮರಿ ಕಡೆ, ಟಾರು ರಸ್ತೆ ಮುಗಿದ ಮೇಲೆ ಇನ್ನೂ ಸ್ವಲ್ಪ ಒಳಗೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಸಾಗರಕ್ಕೆ ಹೋಗಲು ಲಾಂಚ್ ಕಾಯುವುದು ತಪ್ಪಿತು. ಆದರೆ ನಮ್ಮ ತೋಟದ ಒಂದು ತುಂಡು ಹಿನ್ನೀರಿನ ಆಚೆ ದಂಡೆಯಲ್ಲಿದೆ. ಅಲ್ಲಿಗೆ ಈಗಲೂ ದೋಣಿಯೇ ದಾರಿ. ಗೊಬ್ಬರ, ಮದ್ದು ಹೊಡೆಯುವ ಸಾಮಾನು, ಅಡಿಕೆ ಕೊನೆ ತೆಗೆಯುವವರು, ಎಲ್ಲ ದೋಣಿಯಲ್ಲೇ ಹೋಗಬೇಕು.

ದೋಣಿಯ ಹಿಂದೆ ಹೊರಗಿಂದ ಕೂರಿಸುವ ಎಂಜಿನ್ (ಔಟ್‌ಬೋರ್ಡ್) 1982ರ ಜಾನ್ಸನ್ 25 ಎಚ್‌ಪಿ. ಎರಡು ಸಿಲಿಂಡರ್, ಟೂ ಸ್ಟ್ರೋಕ್, ಹಗ್ಗ ಎಳೆದು ಚಾಲೂ ಮಾಡುವುದು. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಹಳೇ ಥರದ ಪಾಯಿಂಟಿನದ್ದಲ್ಲ, ಎಲೆಕ್ಟ್ರಾನಿಕ್. ಬೆಳಿಗ್ಗೆ ಒಂದೆರಡು ಎಳೆತಕ್ಕೇ ಹಿಡಿಯುತ್ತದೆ. ಹದಿನೈದಿಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಏನೂ ಮುನ್ಸೂಚನೆ ಇಲ್ಲದೆ ಒಮ್ಮೆಲೇ ನಿಂತುಬಿಡುತ್ತದೆ. ಕೆಮ್ಮುವುದಿಲ್ಲ, ಎಳೆದಾಡುವುದಿಲ್ಲ, ಸ್ವಿಚ್ ಆರಿಸಿದ ಹಾಗೆ. ಆಗ ಎಷ್ಟು ಹಗ್ಗ ಎಳೆದರೂ ಇಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹಿಡಿಯುತ್ತದೆ.

ಪ್ಲಗ್ ಎರಡೂ ಹೊಸದು. ಒಂದು ಅಂಗಡಿಯಲ್ಲಿ ಹೇಳಿದಾಗ ಎಂಜಿನ್ ನೋಡದೆಯೇ "ಪವರ್ ಪ್ಯಾಕ್ ಹೋಗಿದೆ, ಬದಲಾಯಿಸಿ" ಅಂದರು. ಇಗ್ನಿಷನ್ನಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯಂತೆ ಅದು. ಅದರ ಬೆಲೆ ಕೇಳಿ ಸುಮ್ನೆ ಬಂದೆ. ಮಳೆಗಾಲ ಹತ್ತಿರ ಬಂತು. ಗಾಳಿ ಎದ್ದ ದಿನ ನಾಲ್ಕು ಜನ ಆಳುಗಳನ್ನು ಕೂರಿಸಿಕೊಂಡು ನೀರಿನ ನಡುವೆ ನಿಂತರೆ ಏನು ಗತಿ? ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

---

ತೀರ್ಥಹಳ್ಳಿ ತುಂಗೆ ಉತ್ತರ:

ಮೊದಲು ಪೆಟ್ರೋಲ್ ನೋಡಿ ಮಾರಾಯ್ರೆ. ಈಗ ಬರುವ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಥಂಡಿಯಲ್ಲಿ ಅರ್ಧ ಖಾಲಿ ಟ್ಯಾಂಕ್ ಜಾಸ್ತಿ ದಿನ ಇಟ್ಟರೆ ತಳದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ಹಳೇ ಪೈಪಿನ ಒಳಗಿನ ರಬ್ಬರ್ ಕೂಡ ಬಿಟ್ಟುಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಬಿಚ್ಚಿದ್ದೀರಾ? ಅದು ಮುಚ್ಚಿದ್ದರೂ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ.

ಪರೀಕ್ಷೆ ಸುಲಭ. ನಿಲ್ಲುವ ಹೊತ್ತಿಗೆ ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿ. ಎಂಜಿನ್‌ಗೆ ಜೀವ ಬಂದರೆ ಪೆಟ್ರೋಲ್ ತೊಂದರೆ.

---

ಸಾಗರದ ಹಳೇ ಮೆಕ್ಯಾನಿಕ್ ಉತ್ತರ:

ತುಂಗೆಯವರು ಹೇಳಿದ ಬಲ್ಬ್ ಪರೀಕ್ಷೆ ಖಂಡಿತ ಮಾಡಿ. ಆದರೆ ನೀವು ಬರೆದ ಲಕ್ಷಣ ಓದಿದರೆ ನನಗೆ ಪೆಟ್ರೋಲ್ ಅನ್ನಿಸುವುದಿಲ್ಲ. ಪೆಟ್ರೋಲ್ ಕಮ್ಮಿಯಾದರೆ ಎಂಜಿನ್ ಸೊರಗಿ ಸೊರಗಿ ನಿಲ್ಲುತ್ತದೆ. ಇದು ಒಮ್ಮೆಲೇ ನಿಲ್ಲುತ್ತದೆ, ಎರಡೂ ಸಿಲಿಂಡರ್ ಒಟ್ಟಿಗೆ. ಆ "ಒಟ್ಟಿಗೆ" ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ನಿಮ್ಮ ಎಂಜಿನ್‌ನಲ್ಲಿ ಇಗ್ನಿಷನ್‌ಗೆ ಬ್ಯಾಟರಿ ಬೇಡ. ಎಂಜಿನ್ ಮೇಲೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ಒಳಗೆ ಅಯಸ್ಕಾಂತ ಇದೆ. ಅದರ ಕೆಳಗೆ ಎರಡು ಕಾಯಿಲ್ (ತಂತಿ ಸುತ್ತಿದ ಸುರುಳಿ). ಒಂದು ಚಾರ್ಜ್ ಕಾಯಿಲ್, ಇನ್ನೊಂದು ಸೆನ್ಸರ್ ಕಾಯಿಲ್. ಹಗ್ಗ ಎಳೆದಾಗ ಚಾರ್ಜ್ ಕಾಯಿಲ್‌ನಲ್ಲಿ ನೂರಾರು ವೋಲ್ಟ್ ಹುಟ್ಟಿ ಪವರ್ ಪ್ಯಾಕ್ ಒಳಗಿನ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಸೆನ್ಸರ್ ಕಾಯಿಲ್ ಸರಿಯಾದ ಹೊತ್ತಿಗೆ ಒಂದು ಸಣ್ಣ ಸೂಚನೆ ಕೊಡುತ್ತದೆ. ಆಗ ತುಂಬಿದ್ದೆಲ್ಲ ಒಮ್ಮೆಲೇ ಇಗ್ನಿಷನ್ ಕಾಯಿಲ್‌ಗೆ ಸುರಿಯುತ್ತದೆ. ಅಲ್ಲಿ ಅದು ಸಾವಿರಾರು ವೋಲ್ಟ್ ಆಗಿ ಪ್ಲಗ್‌ಗೆ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಇಗ್ನಿಷನ್ ಕಾಯಿಲ್ ಸಿಲಿಂಡರಿಗೆ ಒಂದೊಂದು, ಬೇರೆ ಬೇರೆ. ಒಂದು ಕೆಟ್ಟರೆ ಒಂದು ಸಿಲಿಂಡರ್ ಸಾಯುತ್ತದೆ, ಇನ್ನೊಂದು ಹೇಗೋ ಎಳೆದುಕೊಂಡು ದಂಡೆಗೆ ತರುತ್ತದೆ. ಎರಡೂ ಒಟ್ಟಿಗೆ ಹೋದರೆ ಇಬ್ಬರಿಗೂ ಸೇರಿದ್ದು ಯಾವುದೋ ಕೆಟ್ಟಿದೆ. ಅಂಥದ್ದು ನಾಲ್ಕೇ: ಚಾರ್ಜ್ ಕಾಯಿಲ್, ಸೆನ್ಸರ್ ಕಾಯಿಲ್, ಪವರ್ ಪ್ಯಾಕ್, ಮತ್ತೆ ಎಂಜಿನ್ ನಿಲ್ಲಿಸುವ ಸ್ಟಾಪ್ ವೈರು. ಇದರಲ್ಲಿ ಅತಿ ದುಬಾರಿ ಪವರ್ ಪ್ಯಾಕ್. ಅದನ್ನು ಮೀಟರ್ ಹಿಡಿದು ನೇರವಾಗಿ ಪರೀಕ್ಷೆ ಮಾಡುವುದು ಕಷ್ಟ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಉಳಿದ ಮೂರೂ ಸರಿ ಇವೆ ಅಂತ ಸಾಬೀತಾದ ಮೇಲೆ ಮಾತ್ರ ಪ್ಯಾಕ್ ಕಡೆ ಕೈ ತೋರಿಸಬಹುದು. ನೋಡದೆಯೇ ಪ್ಯಾಕ್ ಹೋಗಿದೆ ಅನ್ನುವುದು ನ್ಯಾಯವಲ್ಲ.

ಮೊದಲು ಸ್ಟಾಪ್ ವೈರು. ಕಪ್ಪು ಮೇಲೆ ಹಳದಿ ಗೆರೆ ಇರುವ ವೈರು ಅದು. ಸ್ಟಾಪ್ ಬಟನ್ ಒತ್ತಿದಾಗ ಆ ವೈರು ಎಂಜಿನ್ ಬಾಡಿಗೆ (ಲೋಹದ ಮೈಗೆ) ತಾಗಿ ಸ್ಪಾರ್ಕ್ ನಿಲ್ಲುತ್ತದೆ. ಬಟನ್ ಒಳಗೆ ನೀರು ಹೋಗಿದ್ದರೆ, ಇಲ್ಲ ವೈರಿನ ರಬ್ಬರ್ ಸವೆದು ಬಾಡಿಗೆ ಉಜ್ಜುತ್ತಿದ್ದರೆ, ಒತ್ತದೆಯೇ ಅದೇ ಕೆಲಸ ಆಗುತ್ತದೆ. ಕೊಟ್ಟಿಗೆಯಲ್ಲಿ ಇಟ್ಟ ಎಂಜಿನ್ ಆದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಮಳೆಗಾಲದಲ್ಲಿ ಅವಕ್ಕೂ ಬೆಚ್ಚಗಿನ ಜಾಗ ಬೇಕು, ಎಂಜಿನ್ ಕವರ್ ಒಳಗೇ ಸೇರಿಕೊಳ್ಳುತ್ತವೆ.

ಆ ವೈರಿನ ಕನೆಕ್ಟರ್ ಬಿಚ್ಚಿ ಬದಿಗೆ ಕಟ್ಟಿ ಓಡಿಸಿ ನೋಡಿ. ತೊಂದರೆ ಹೋದರೆ ಖರ್ಚಿಲ್ಲದೆ ಮುಗಿಯಿತು. ಒಂದು ಎಚ್ಚರಿಕೆ: ಹೀಗೆ ಮಾಡಿದಾಗ ಬಟನ್ ಒತ್ತಿದರೆ ಎಂಜಿನ್ ನಿಲ್ಲುವುದಿಲ್ಲ. ಚೋಕ್ ಪೂರ್ತಿ ಎಳೆದು ನಿಲ್ಲಿಸಬೇಕು. ಪರೀಕ್ಷೆಯ ಹೊತ್ತಿಗೆ ದೋಣಿಯನ್ನು ದಂಡೆಯಲ್ಲಿ ಗಟ್ಟಿಯಾಗಿ ಕಟ್ಟಿರಿ. ಆಳುಗಳನ್ನು ಕೂರಿಸಬೇಡಿ.

ಅದರಿಂದ ಹೋಗದಿದ್ದರೆ ಮುಂದಿನದು ಕಾಯಿಲ್. ಫ್ಲೈವೀಲ್ ಕೆಳಗಿಂದ ಪವರ್ ಪ್ಯಾಕಿಗೆ ಹೋಗುವ ನಾಲ್ಕು ಪಿನ್ನಿನ ರಬ್ಬರ್ ಕನೆಕ್ಟರ್ ಇದೆ. ಅದರ ಮೇಲೆ ಎ, ಬಿ, ಸಿ, ಡಿ ಅಂತ ಅಚ್ಚು ಇರುತ್ತದೆ. ಬಿಚ್ಚಿ ನೋಡಿ. ಪಿನ್ನಿನಲ್ಲಿ ಹಸಿರು ಕಿಲುಬು ಇದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ಮಲ್ಟಿಮೀಟರ್ ಓಮ್ಸ್‌ನಲ್ಲಿಟ್ಟು ಫ್ಲೈವೀಲ್ ಕಡೆಯ ಭಾಗದಲ್ಲಿ ಅಳೆಯಿರಿ. ಎ ಮತ್ತು ಡಿ ನಡುವೆ ಚಾರ್ಜ್ ಕಾಯಿಲ್, ಸುಮಾರು 500ರಿಂದ 600 ಓಮ್ ಬರಬೇಕು. ಬಿ ಮತ್ತು ಸಿ ನಡುವೆ ಸೆನ್ಸರ್ ಕಾಯಿಲ್, 40 ಓಮ್ ಆಸುಪಾಸು. ಆಮೇಲೆ ನಾಲ್ಕೂ ಪಿನ್ನಿಂದ ಎಂಜಿನ್ ಬಾಡಿಗೆ ಅಳೆಯಿರಿ. ಅಲ್ಲಿ ಮೀಟರ್ ಏನೂ ತೋರಿಸಬಾರದು.

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಎಂಜಿನ್ ತಣ್ಣಗಿದ್ದಾಗ ಅಳೆದು "ಎಲ್ಲ ಸರಿ ಇದೆ" ಅಂತ ಬಿಡುತ್ತಾರೆ. ತಣ್ಣಗಿದ್ದಾಗ ಅದು ಓಡುತ್ತಲೇ ಇದೆಯಲ್ಲ, ಸರಿ ಇಲ್ಲದೆ ಏನು? ನಿಂತ ಆ ಕ್ಷಣಕ್ಕೇ ಅಳೆಯಬೇಕು. ಮೀಟರನ್ನು ದೋಣಿಯಲ್ಲೇ ಇಟ್ಟುಕೊಳ್ಳಿ. ನಿಂತ ತಕ್ಷಣ ಕವರ್ ತೆಗೆದು ಕನೆಕ್ಟರ್ ಬಿಚ್ಚಿ ಅದೇ ಪಿನ್ನುಗಳನ್ನು ನೋಡಿ. ತಾಮ್ರದ ತಂತಿ ಬಿಸಿಯಾದರೆ ಓಮ್ ಸ್ವಲ್ಪ ಏರುವುದು ಸಹಜ. 10 ಡಿಗ್ರಿ ಏರಿದರೆ ಸುಮಾರು 4% ಅಂತ ಇಟ್ಟುಕೊಳ್ಳಿ. 560 ಇದ್ದದ್ದು 650 ಆದರೆ ಹೆದರಬೇಡಿ. ಆದರೆ ಸಾವಿರಗಟ್ಟಲೆ ಹೋದರೆ, ಇಲ್ಲ ಏನೂ ತೋರಿಸದಿದ್ದರೆ, ಒಳಗೆ ಎಲ್ಲೋ ತಂತಿ ತುಂಡಾಗಿದೆ. ತಣ್ಣಗಿದ್ದಾಗ ತುದಿ ತುದಿ ತಾಗಿಕೊಂಡಿರುತ್ತದೆ. ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ.

ಇನ್ನೊಂದು. ಮೀಟರ್ ಹಿಡಿದುಕೊಂಡೇ ಥ್ರಾಟಲ್ ಹಿಡಿಕೆ ಪೂರ್ತಿ ತಿರುಗಿಸಿ, ವಾಪಸ್ ತನ್ನಿ. ಈ ಎಂಜಿನ್‌ನಲ್ಲಿ ಥ್ರಾಟಲ್ ಜೊತೆಗೆ ಕಾಯಿಲ್ ಕೂತ ತಟ್ಟೆಯೂ ತಿರುಗುತ್ತದೆ, ಸ್ಪಾರ್ಕ್ ಮುಂದಾಗಲಿ ಅಂತ. 40 ವರ್ಷ ಅತ್ತಿತ್ತ ಬಾಗಿ ಬಾಗಿ ವೈರು ರಬ್ಬರ್ ಒಳಗೇ ಮುರಿದಿರುತ್ತದೆ. ಹೊರಗಿಂದ ಗೊತ್ತೇ ಆಗುವುದಿಲ್ಲ. ಹಿಡಿಕೆ ತಿರುಗಿಸುವಾಗ ಮೀಟರಿನ ಸಂಖ್ಯೆ ಹಾರಿದರೆ ಕಳ್ಳ ಸಿಕ್ಕಿಬಿದ್ದ.

ಎಂಜಿನ್ ಓಡುವಾಗ ಹಿಂದಿನಿಂದ ತಂಪಿನ ನೀರು ಬರುತ್ತಿದೆಯಾ ಅಂತಲೂ ತಿಳಿಸಿ. ಅದು ಬಾರದಿದ್ದರೆ ಮಾತು ಬೇರೆ.

---

ಶಿವಮೊಗ್ಗ ರೇಡಿಯೋ ರಿಪೇರಿ ಉತ್ತರ:

ಮೆಕ್ಯಾನಿಕ್ ಸಾರ್ ಸರಿಯಾಗಿ ಬರೆದಿದ್ದಾರೆ. ನನ್ನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಯಾರೋ ಒಬ್ಬರು "ವೋಲ್ಟ್ ಅಳೆಯಿರಿ" ಅನ್ನುತ್ತಾರೆ. ಸಾಮಾನ್ಯ ಮಲ್ಟಿಮೀಟರ್ ಇಟ್ಟು ಚಾರ್ಜ್ ಕಾಯಿಲ್‌ನ ವೋಲ್ಟ್ ಅಳೆದರೆ ನಂಬಬೇಡಿ. ಮೀಟರಿನ ಎಸಿ ಅಳತೆ ಮನೆಯ ಕರೆಂಟಿನಂಥ ಸಮನಾದ ಅಲೆಗೆ ಮಾಡಿದ್ದು. ಇಲ್ಲಿ ಬರುವುದು ಚಿಕ್ಕ ಚಿಕ್ಕ ಹೊಡೆತ. ಒಳ್ಳೆಯ ಕಾಯಿಲ್ ಕೂಡ ಕೆಟ್ಟದ್ದರ ಹಾಗೆ ಕಾಣುತ್ತದೆ.

ಅದಕ್ಕೆ ಡಿವಿಎ ಅನ್ನುವ ಅಡಾಪ್ಟರ್ ಸಿಗುತ್ತದೆ. ಅದು ಹೊಡೆತದ ತುದಿಯ ವೋಲ್ಟನ್ನು ಹಿಡಿದಿಟ್ಟು ಮೀಟರಿಗೆ ಡಿಸಿಯಾಗಿ ತೋರಿಸುತ್ತದೆ. ಒಳಗೆ ಇರುವುದು ಮುಖ್ಯವಾಗಿ ಒಂದು ಡಯೋಡ್, ಒಂದು ಕೆಪಾಸಿಟರ್, ಆಮೇಲೆ ಅದನ್ನು ನಿಧಾನ ಖಾಲಿ ಮಾಡುವ ಒಂದು ರೆಸಿಸ್ಟರ್. ಎಲೆಕ್ಟ್ರಾನಿಕ್ಸ್ ಕೈ ಪಳಗಿದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಡಯೋಡಿಗೆ 1ಎನ್4007 ಸಾಕು, 1000 ವೋಲ್ಟ್ ತಡೆಯುತ್ತದೆ. ಕೆಪಾಸಿಟರ್ ಕೂಡ ಅಷ್ಟು ತಡೆಯುವುದೇ ಹಾಕಿ. ಹಗ್ಗ ಜೋರಾಗಿ ಎಳೆದಾಗ ಚಾರ್ಜ್ ಕಾಯಿಲ್‌ನಿಂದ 150 ವೋಲ್ಟ್‌ಗಿಂತ ಮೇಲೆ ಬರಬೇಕು. ಕೈ ತಾಗಿಸಬೇಡಿ, ಹೊಡೆತ ಜೋರಾಗಿರುತ್ತದೆ. ಒದ್ದೆ ಕಾಲಲ್ಲಿ ಈ ಕೆಲಸ ಬೇಡವೇ ಬೇಡ.

---

ಸಾಗರದ ಹಳೇ ಮೆಕ್ಯಾನಿಕ್ ಉತ್ತರ:

ಹೌದು, ತುಂಬ ಒಳ್ಳೆಯ ಮಾತು. ಸ್ಪಾರ್ಕ್ ನೋಡುವ ವಿಷಯವೂ ಹಾಗೆಯೇ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ "ಕಿಡಿ ಬರ್ತಾ ಇದೆ" ಅನ್ನುವುದು ಸಾಕಾಗುವುದಿಲ್ಲ. ಹೊರಗಿನ ಗಾಳಿಯಲ್ಲಿ ಸಣ್ಣ ಸಂದು ದಾಟುವುದು ಸುಲಭ. ಸಿಲಿಂಡರ್ ಒಳಗೆ ಒತ್ತಡದಲ್ಲಿ ಅದೇ ಸಂದು ದಾಟಲು ತುಂಬ ಜಾಸ್ತಿ ವೋಲ್ಟ್ ಬೇಕು. ಅದಕ್ಕೆ ಸ್ಪಾರ್ಕ್ ಟೆಸ್ಟರ್ ತಗೊಂಡು ಸಂದನ್ನು 7/16 ಇಂಚಿಗೆ, ಅಂದರೆ ಸುಮಾರು 11 ಮಿ.ಮೀ.ಗೆ ಇಡಿ. ಅದನ್ನು ಹಾರಿ ನೀಲಿ ಕಿಡಿ ಚಟ್ ಅಂತ ಬಿದ್ದರೆ ಇಗ್ನಿಷನ್ ಗಟ್ಟಿ ಇದೆ ಅಂತ ಅರ್ಥ. ಕೆಂಪಗೆ, ಸಪ್ಪೆಯಾಗಿ ಬಂದರೆ ಇಲ್ಲ.

ಪ್ಲಗ್ ವೈರನ್ನು ಸುಮ್ನೆ ನೇತಾಡಲು ಬಿಟ್ಟು ಹಗ್ಗ ಎಳೆಯಬೇಡಿ. ಹೋಗಲು ದಾರಿ ಇಲ್ಲದ ವೋಲ್ಟ್ ಕಾಯಿಲನ್ನೇ ಸುಡುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಮೊದಲು ಗಾಳಿಯಾಡಲು ಬಿಡಿ.

---

ತುಮರಿ ಕಡೆಯವ ಉತ್ತರ:

ಎಲ್ಲರಿಗೂ ತುಂಬ ಧನ್ಯವಾದ. ಹೇಳಿದ ಹಾಗೇ ಮಾಡಿದೆ.

ತಂಪಿನ ನೀರು ಚೆನ್ನಾಗಿ ಬರುತ್ತಿದೆ. ನಿಲ್ಲುವಾಗ ಬಲ್ಬ್ ಒತ್ತಿದೆ, ಗಟ್ಟಿಯಾಗಿಯೇ ಇತ್ತು, ಏನೂ ವ್ಯತ್ಯಾಸ ಇಲ್ಲ. ಕಪ್ಪು-ಹಳದಿ ವೈರು ಬಿಚ್ಚಿ ಓಡಿಸಿದರೂ ಅದೇ ಕಥೆ. ಕನೆಕ್ಟರ್ ಪಿನ್ನಿನಲ್ಲಿ ಕಿಲುಬು ಇತ್ತು, ತೆಗೆದೆ.

ತಣ್ಣಗಿದ್ದಾಗ ಎ–ಡಿ 570 ಓಮ್, ಬಿ–ಸಿ 42. ಬಾಡಿಗೆ ಏನೂ ಇಲ್ಲ. ಥ್ರಾಟಲ್ ತಿರುಗಿಸಿದಾಗಲೂ ಸಂಖ್ಯೆ ಹಾರಲಿಲ್ಲ. ಆಮೇಲೆ ದಂಡೆಯಲ್ಲೇ ಕಟ್ಟಿ ಓಡಿಸಿದೆ. ನಿಂತ ತಕ್ಷಣ ಅಳೆದರೆ ಬಿ–ಸಿ 47. ಎ–ಡಿ ಏನೂ ಇಲ್ಲ! ಮೀಟರ್ ಖಾಲಿ. ಪ್ರೋಬ್ ಹಾಗೇ ಹಿಡಿದುಕೊಂಡು ಕೂತೆ. ಬಿಸಿ ಆರುತ್ತಾ ಬಂದ ಹಾಗೆ ಒಮ್ಮೆ ಬಂತು, ಹೋಯಿತು, ಮತ್ತೆ ಬಂತು, ಕೊನೆಗೆ 600ರ ಹತ್ತಿರ ನಿಂತಿತು. ಆಗ ಹಗ್ಗ ಎಳೆದರೆ ಎಂಜಿನ್ ಹಿಡಿಯಿತು.

ಹಾಗಾದರೆ ಚಾರ್ಜ್ ಕಾಯಿಲ್ ತಾನೆ ಸಾರ್? ಇದನ್ನು ಶಿವಮೊಗ್ಗದಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಸುತ್ತಿಸಬಹುದಾ?

---

ಸಾಗರದ ಹಳೇ ಮೆಕ್ಯಾನಿಕ್ ಉತ್ತರ:

ಚಾರ್ಜ್ ಕಾಯಿಲೇ. ಇನ್ನು ಅನುಮಾನ ಬೇಡ. ಇಷ್ಟು ಶುದ್ಧವಾಗಿ ಅಳೆದು ಬರೆದದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಪ್ಯಾಕ್ ತಂದಿದ್ದರೆ ದುಡ್ಡೂ ಹೋಗುತ್ತಿತ್ತು, ತೊಂದರೆಯೂ ಹಾಗೇ ಉಳಿಯುತ್ತಿತ್ತು.

ರಿವೈಂಡಿಂಗ್ ಬೇಡ. ತಂತಿ ತುಂಬ ಸಪೂರ, ಸುತ್ತುವುದಕ್ಕಿಂತ ಕಷ್ಟ ಅದರ ಮೇಲೆ ಅಂಟು ತುಂಬಿಸುವುದು. ಫ್ಲೈವೀಲ್ ಕೆಳಗೆ ಬಿಸಿ, ಅದುರು, ನೀರಿನ ಪಸೆ ಮೂರೂ ಇದೆ. ಒಳಗೆ ಗಾಳಿ ಉಳಿಯದ ಹಾಗೆ ಅಂಟು ತುಂಬದಿದ್ದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಪಂಪ್‌ಸೆಟ್ ಮೋಟರ್ ಕೆಲಸದಲ್ಲಿ ಅವರ ಕೈ ಚೆನ್ನಾಗಿರಬಹುದು, ಇದು ಬೇರೆ ಜಾತಿಯ ಕೆಲಸ.

ಹೊಸ ಕಾಯಿಲ್ ಸಿಗುತ್ತದೆ. ಈ ಎಂಜಿನ್ ಮಾಡಿದ ಒಎಂಸಿ (ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್) ಕಂಪನಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. 2001ರಲ್ಲಿ ಬೊಂಬಾರ್ಡಿಯರ್‌ನವರು ಕೊಂಡರು. 2020ರಲ್ಲಿ ಎವಿನ್ರೂಡ್ ಔಟ್‌ಬೋರ್ಡ್ ತಯಾರಿಕೆಯೂ ನಿಂತಿತು. ಆದರೂ ಹಳೇ ಎಂಜಿನ್‌ಗಳ ಇಗ್ನಿಷನ್ ಭಾಗಗಳನ್ನು ಸಿಡಿಐ ಎಲೆಕ್ಟ್ರಾನಿಕ್ಸ್, ಸಿಯೆರಾ ಥರದ ಬೇರೆ ಕಂಪನಿಗಳು ಮಾಡುತ್ತಿವೆ. ಜಾನ್ಸನ್, ಎವಿನ್ರೂಡ್ ಎರಡೂ ಒಂದೇ ಕಂಪನಿಯದ್ದು. ಅದೇ ವರ್ಷದ 25 ಎಚ್‌ಪಿ ಎವಿನ್ರೂಡ್ ಕಾಯಿಲ್ ನಿಮಗೂ ಆಗುತ್ತದೆ. ಎಂಜಿನ್ ಬ್ರಾಕೆಟ್ ಮೇಲಿನ ತಗಡಿನಲ್ಲಿ ಮಾಡೆಲ್ ನಂಬರ್ ಇದೆ. ಅದನ್ನು ಕೊಟ್ಟೇ ತರಿಸಿ.

ಹಾಕುವಾಗ ಇಷ್ಟು ನೋಡಿಕೊಳ್ಳಿ. ಫ್ಲೈವೀಲನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಡಿ, ಒಳಗಿನ ಅಯಸ್ಕಾಂತ ಬಿಟ್ಟುಕೊಳ್ಳುತ್ತದೆ. ಅದರ ನಡುವೆ ಮೂರು ಬೋಲ್ಟಿನ ತೂತು ಇದೆ, ಅದಕ್ಕೆ ಪುಲ್ಲರ್ ಹಾಕಿ. ಅಂಚಿಗೆ ಹಿಡಿಯುವ ಕಾಲಿನ ಪುಲ್ಲರ್ ಬೇಡ. ತೆಗೆದ ಮೇಲೆ ಅಯಸ್ಕಾಂತಗಳನ್ನು ಬೆರಳಲ್ಲಿ ಒತ್ತಿ ನೋಡಿ, ಅಲುಗಬಾರದು. ಮೇಲಿನ ಸೀಲಿನಿಂದ ಎಣ್ಣೆ ಒಸರಿ ಕಾಯಿಲ್ ಮೇಲೆ ಬಂದಿದೆಯಾ ನೋಡಿ. ಕಾಯಿಲ್ ಕೂರುವ ತಟ್ಟೆಯಲ್ಲಿ ನಯ ಮಾಡಿದ ಉಬ್ಬುಗಳಿವೆ. ಕಾಯಿಲ್‌ನ ಅಂಚು ಆ ಉಬ್ಬಿಗೆ ಸಮನಾಗಿ ಕೂರಬೇಕು. ಹೊರಗೆ ಬಂದರೆ ಅಯಸ್ಕಾಂತಕ್ಕೆ ಉಜ್ಜುತ್ತದೆ, ಒಳಗೆ ಹೋದರೆ ವೋಲ್ಟ್ ಕಮ್ಮಿಯಾಗುತ್ತದೆ.

ಕ್ರ್ಯಾಂಕಿನ ಓರೆ ಭಾಗ, ಫ್ಲೈವೀಲಿನ ಒಳಭಾಗ ಎರಡನ್ನೂ ಒರೆಸಿ ಒಣಗಿಸಿ ಕೂರಿಸಿ. ಗ್ರೀಸ್ ಹಚ್ಚಬೇಡಿ. ಫ್ಲೈವೀಲನ್ನು ಸರಿಯಾದ ಜಾಗಕ್ಕೆ ಕೂರಿಸುವ ಪುಟ್ಟ ಲೋಹದ ತುಂಡು (ಕೀ) ಅಲ್ಲಿದೆ, ಅದು ಸ್ವಲ್ಪ ಕತ್ತರಿಸಿದ ಹಾಗಿದ್ದರೂ ಬದಲಾಯಿಸಿ. ನಟ್ಟನ್ನು ಟಾರ್ಕ್ ರೆಂಚಿನಲ್ಲೇ, ಮ್ಯಾನ್ಯುವಲ್ ಹೇಳಿದಷ್ಟು ಬಿಗಿ ಮಾಡಿ. ಬೇಸಿಗೆಯಲ್ಲಿ ನಮ್ಮ ಹಿನ್ನೀರು ಇಳಿದಾಗ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗುವ ಮೊದಲಿನ ಕಾಡಿನ ಬೊಡ್ಡೆಗಳು ನೀರಿನ ಮಟ್ಟಕ್ಕೇ ಇರುತ್ತವೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರೊಪೆಲ್ಲರ್ ಅದಕ್ಕೆ ಹೊಡೆದು ಎಂಜಿನ್ ಥಟ್ಟನೆ ನಿಂತಾಗ, ನಟ್ ಸಡಿಲ ಇದ್ದರೆ ಆ ಕೀ ಕತ್ತರಿಸಿ ಟೈಮಿಂಗ್ (ಕಿಡಿ ಬೀಳುವ ಹೊತ್ತು) ತಪ್ಪುತ್ತದೆ. ಆಮೇಲೆ ಸ್ಪಾರ್ಕ್ ಚೆನ್ನಾಗಿದ್ದರೂ ಎಂಜಿನ್ ಹಿಡಿಯುವುದಿಲ್ಲ, ಇಗ್ನಿಷನ್ ಕೆಟ್ಟಿದೆ ಅಂತ ಜನ ಅದನ್ನೇ ಹುಡುಕುತ್ತಾ ಕೂರುತ್ತಾರೆ.

---

ತುಮರಿ ಕಡೆಯವ ಉತ್ತರ:

ಕಾಯಿಲ್ ಬಂತು, ಹಾಕಿ ಆಯಿತು. ಹಳೆಯದನ್ನು ತೆಗೆದು ನೋಡಿದಾಗ ಅದರ ಅಂಟು ಬಿರುಕು ಬಿಟ್ಟು ಒಂದು ಕಡೆ ಕರಗಿ ತಟ್ಟೆ ಮೇಲೆ ಇಳಿದಿತ್ತು. ವಯಸ್ಸಾದದ್ದು, ಇಷ್ಟು ವರ್ಷ ಬಾಳಿದ್ದೇ ದೊಡ್ಡದು. ಸೀಲ್ ಒಣಗಿಯೇ ಇದೆ, ಅಯಸ್ಕಾಂತ ಗಟ್ಟಿ ಇವೆ, ಕೀ ಸರಿ ಇದೆ.

ಮೊದಲು ದಂಡೆಯಲ್ಲಿ ಕಟ್ಟಿ ಒಂದು ಗಂಟೆ ಓಡಿಸಿದೆ. ನಿಲ್ಲಲಿಲ್ಲ. ಆಮೇಲೆ ಆಚೆ ದಂಡೆಗೆ ಗೊಬ್ಬರ ತುಂಬಿಕೊಂಡು ಹೋಗಿ, ಬಿಸಿ ಇದ್ದಾಗಲೇ ನಿಲ್ಲಿಸಿ ಮತ್ತೆ ಎಳೆದೆ. ಒಂದೇ ಎಳೆತಕ್ಕೆ ಹಿಡಿಯಿತು. ಅಮ್ಮ ಈಗ ದೋಣಿಯಲ್ಲಿ ಬರಲು ಒಪ್ಪಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ. ಆ ಸ್ಟಾಪ್ ವೈರು ಇನ್ನೂ ಬಿಚ್ಚಿಯೇ ಇದೆ. ಚೋಕ್ ಎಳೆದರೆ ನಿಲ್ಲುತ್ತದಲ್ಲ, ಹಾಗೇ ಬಿಡಬಹುದಾ?

---

ಸಾಗರದ ಹಳೇ ಮೆಕ್ಯಾನಿಕ್ ಉತ್ತರ:

ಬೇಡ, ಇವತ್ತೇ ಜೋಡಿಸಿ. ಯಾರಾದರೂ ನೀರಿಗೆ ಬಿದ್ದರೆ ಪ್ರೊಪೆಲ್ಲರ್ ಆ ಕ್ಷಣಕ್ಕೇ ನಿಲ್ಲಬೇಕು. ಚೋಕ್ ಎಳೆದು ಸಾಯಲು ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲಿ ಅನಾಹುತ ಆಗಿರುತ್ತದೆ. ನಿಮ್ಮ ಎಂಜಿನ್ ಹಳೇದು, ಕೈಗೆ ಕಟ್ಟುವ ಹಗ್ಗದ ಸ್ವಿಚ್ ಇಲ್ಲದಿದ್ದರೆ ಅದನ್ನೂ ಹಾಕಿಸಿ. ಸ್ಟಾಪ್ ವೈರಿಗೇ ಜೋಡಿಸುವಂಥದ್ದು ಸಿಗುತ್ತದೆ, ಬಾಡಿಗೆ ತಾಗಿ ನಿಲ್ಲಿಸುವ ಥರದ್ದು ಅಂತ ಕೇಳಿ ತಗೊಳ್ಳಿ. ಕನೆಕ್ಟರಿಗೆ ನೀರಿನ ಪಸೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಹಚ್ಚಿ ಕೂರಿಸಿ. ಎಂಜಿನ್ ಓಡುವಾಗ ಬಟನ್ ಒಮ್ಮೆ ಒತ್ತಿ, ಆ ಸ್ವಿಚ್ಚಿನ ಹಗ್ಗ ಒಮ್ಮೆ ಎಳೆದು, ಎರಡರಲ್ಲೂ ನಿಲ್ಲುತ್ತದೆ ಅಂತ ನೋಡಿದ ಮೇಲೆ ಅಮ್ಮನನ್ನು ಕೂರಿಸಿ. ಲೈಫ್ ಜಾಕೆಟ್ ಹಾಕಿಯೇ.